ಎರಡು ಮಾರು ಹಿಂದಕ್ಕೆ

ಬೆಳಗಿನ ನಾಲ್ಕೂಮುಕ್ಕಾಲು. ನಯೋರೊ.
ಸೊನ್ನೆಗಿಂತ ಇಪ್ಪತ್ತಮೂರು ಕೆಳಗೆ.
ಹಿಮ ತಳ್ಳುವ ನನ್ನ ಬಂಡಿ ಓಣಿಯ ಬಾಯಲ್ಲಿ
ಗುರುಗುಡುತ್ತ ನಿಂತಿದೆ, ಮುಂದೆ ಹೋಗುವಂತಿಲ್ಲ.
ತೊಯೋನೊ ಅವರ ಹಳೇ ಮಾಜ್ದಾ
ರಸ್ತೆಗೆ ಮೂತಿ ಚಾಚಿ ಮಲಗಿದೆ
ಮೈತುಂಬ ಬಿಳಿ ಹೊದ್ದು,
ವೈಪರುಗಳೆರಡನ್ನೂ ಮೇಲಕ್ಕೆತ್ತಿ, ಶರಣಾದವರ ಹಾಗೆ.

ಬಾಗಿಲು ತಟ್ಟಿದೆ.
ಎರಡು ಮಾರು ಹಿಂದಕ್ಕೆ ತೆಗೀರಿ, ಸಾಕು.

ಎರಡು ಮಾರಿಗೆಲ್ಲ ಅದನ್ನು ಎಬ್ಬಿಸೋಕಾಗಲ್ಲ, ಅಂದರು ಆಕೆ.
ಎಬ್ಬಿಸಿದರೆ ಪೂರ್ತಿ ಎಬ್ಬಿಸಬೇಕು.

ತಳ್ಳೋಣವೆಂದರೆ ಚಕ್ರ ನೆಲಕ್ಕೆ ಹೆಪ್ಪುಗಟ್ಟಿತ್ತು.
ಬೈಯೋಣವೆಂದರೆ,
ಮೂವತ್ತು ವರ್ಷ ಈ ಊರಿಗೆ ಕಟ್ಟುಹಲ್ಲು ಮಾಡಿದ ಹೆಂಗಸು;
ನಮ್ಮಪ್ಪ ಕೊನೆಯ ತುತ್ತನ್ನೂ ಅಗಿದದ್ದು
ಈಕೆಯ ಕೈಯ ಹಲ್ಲಿನಲ್ಲೇ.
ಸುಮ್ಮನೆ ಟಾರ್ಚ್ ಹಿಡಿದೆ.

ಬ್ಯಾಟರಿ ತಂದರು ಒಳಗಿಂದ,
ಸೀಮೆಎಣ್ಣೆ ಒಲೆಯ ಪಕ್ಕ ರಾತ್ರಿ ಕಳೆದದ್ದು,
ಹಳೇ ಶಾಲು ಸುತ್ತಿದ್ದು.
ಕೂಸನ್ನು ಎತ್ತಿ ತಂದಂತೆ ಅನ್ನೋಣವೆಂದರೆ
ಆಕೆ ಹಿಡಿದದ್ದು ಹಾಗಲ್ಲ.
ಹದಿನಾಲ್ಕು ಕಿಲೋವನ್ನು
ಹದಿನಾಲ್ಕು ಕಿಲೋ ಹಿಡಿಯುವ ಹಾಗೆಯೇ.

ಇದರಲ್ಲಿ ಮೇಲೆ ಕೆಳಗೆ ಕುಟ್ಟುವ ಪಿಸ್ಟನ್ ಇಲ್ಲ ನೋಡು,
ನಟ್ಟು ಬಿಗಿಯುತ್ತ ಹೇಳಿದರು.
ಕಡಲೆಕಾಯಿ ಸಿಪ್ಪೆಯಂಥ ಗೂಡು,
ಅದರೊಳಗೆ ಸುತ್ತುವ ಮೂರು ಮೂಲೆಯ ಅನ್ನದುಂಡೆ.
ಮೂಲೆಗೊಂದು ಲೋಹದ ಪಟ್ಟಿ.
ಎಣ್ಣೆ ಇನ್ನೂ ಗಟ್ಟಿ, ಗೋಡೆ ಇನ್ನೂ ಒಣ.
ಪಟ್ಟಿ ಕೂರಬೇಕು, ಚುಚ್ಚಬಾರದು.
ಹಲ್ಲಿನ ಸೆಟ್ಟಿನ ಹಾಗೇ.

ಚೋಕ್ ಪೂರ್ತಿ ಎಳೆದರು.
ಒಂದೇ ಸಲ ತುಳಿದರು, ಬಿಟ್ಟರು.
ಎರಡನೇ ಸಲ ತುಳಿದರೆ ಪೆಟ್ರೋಲು ಕುಡಿದು
ಉಸಿರು ಕಟ್ಟುತ್ತದಂತೆ.
ಕೀಲಿ ತಿರುಗಿತು.
ಕುಂಯ್. ಕುಂಯ್ಯ್.
ಆಕೆ ಮುಖ ಕಿವುಚಲಿಲ್ಲ, ದೇವರನ್ನೂ ಕರೆಯಲಿಲ್ಲ,
ಗಡಿಯಾರ ನೋಡುತ್ತ ಅರ್ಧ ನಿಮಿಷ ಕೂತರು.
ಮತ್ತೆ.
ಒಂದು ಕೆಮ್ಮು. ಇನ್ನೊಂದು.
ಆಮೇಲೆ ಎಲ್ಲ ಒಟ್ಟಿಗೆ, ಡಬ್ಬದಲ್ಲಿ ಹುರುಳಿ ಕುಲುಕಿದಂತೆ,
ಹಿಂದುಗಡೆ ನೀಲಿ ಹೊಗೆ,
ಅಂಗಳದ ತುಂಬ ಪೆಟ್ರೋಲಿನ ಘಾಟು.

ಮಡಚಿದ ದೀಪಗಳಲ್ಲಿ
ಬಲಗಣ್ಣು ಮೇಲೆದ್ದಿತು.
ಎಡಗಣ್ಣು ಮಂಜಿಗೆ ಅಂಟಿಕೊಂಡೇ ಇತ್ತು.

ಗಾಡಿ ಹಿಂದೆ ಸರಿಯಿತು. ಎರಡು ಮಾರು.
ಆಯಿತಲ್ಲ, ಆರಿಸಿಬಿಡಿ, ಅಂದೆ.

ಗಾಜು ಇಳಿಸಿ ನೋಡಿದರು ನನ್ನನ್ನು,
ಬಾಯಿ ತೆರೆಸಿ, ಅಚ್ಚು ತೆಗೆಯದೆ
ಮನೆಗೆ ಕಳಿಸು ಅಂದವನನ್ನು ನೋಡುವಂತೆ.
ಈಗ ಆರಿಸಿದರೆ ಮಾರ್ಚಿನವರೆಗೂ ಏಳಲ್ಲ.
ನೀನು ದಾರಿ ಮಾಡು.

ಹೊರಟೆ. ಅಲಗು ಇಳಿಸಿ,
ಹಿಮವನ್ನು ಎಡಕ್ಕೆ ಮಗುಚುತ್ತ.
ಹಿಂದೆ ಆಕೆ, ಮೊದಲನೇ ಗೇರಿನಲ್ಲಿ,
ಒಂದೇ ಕಣ್ಣು ತೆರೆದುಕೊಂಡು.
ಮೂರನೇ ಓಣಿಗೆ ನಾನು ಎಡಕ್ಕೆ ತಿರುಗಬೇಕು.
ಕನ್ನಡಿ ನೋಡಿದೆ.
ತಿರುಗಲಿಲ್ಲ.
ನಾಲ್ಕನೇದಕ್ಕೂ ಇಲ್ಲ.
ಮುಚ್ಚಿದ ಮೀನಿನಂಗಡಿ, ಶಾಲೆಯ ಬೇಲಿ,
ಹಾಲಿನ ಲಾರಿಯವನು ಕೈಯೆತ್ತಿದ್ದು ನನಗೋ ಆಕೆಗೋ.
ಆ ಇಂಜಿನ್ನು ಈಗ ಹುರುಳಿಯ ಸದ್ದು ಬಿಟ್ಟು
ಗುಂಯ್ ಅನ್ನತೊಡಗಿರಬೇಕು.
ನನ್ನ ಬಂಡಿಯ ಗದ್ದಲದಲ್ಲಿ
ಕೇಳಿತೆಂದು ಹೇಳಲಾರೆ.

ತೆಶಿಯೊ ಹೊಳೆಯ ಸೇತುವೆ ಹತ್ತಿರ
ಕನ್ನಡಿಯಲ್ಲಿ ಎಡಗಣ್ಣೂ
ಮೆಲ್ಲಗೆ, ಹಿಮದ ಹೆಕ್ಕಳಿಕೆ ಉದುರಿಸಿ, ಎದ್ದಿತು.
ಬದಿಗೆ ಸರಿದೆ.
ಎರಡು ದೀಪ ಹತ್ತಿ ಆರಿ ಹತ್ತಿ
ನನ್ನನ್ನು ದಾಟಿ ಹೋದವು,
ನಾನು ಇನ್ನೂ ತಳ್ಳದ ರಸ್ತೆಯ ಮೇಲೆ.

ಆರೂಕಾಲಿಗೆ ಕಚೇರಿಯಿಂದ ಫೋನು.
ಮೂರು, ನಾಲ್ಕು, ಐದನೇ ಓಣಿ ಯಾಕೆ ಬಾಕಿ?
ದಿನಚರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡೆ.
ಪೆನ್ನಿನ ಶಾಯಿ ಕಟ್ಟಿತ್ತು.
ಅಂಗೈಗಳ ನಡುವೆ ಹೊರಳಿಸುತ್ತ,
ಅವಸರ ಮಾಡದೆ,
ಕೂತೆ.